ತೊದಲಿದ್ದು ವೀಣೆಯಲ್ಲ

ಸಂಗೀತ ಕೇಳುವಾಗ ಅಡ್ಡಿ ಬರುವುದು ಮೈಸೂರಿನವರಿಗೆ ಹೊಸದೇನೂ ಅಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಊರು ಇದು. 'ಆಕಾಶವಾಣಿ' ಎಂಬ ಹೆಸರು ದೇಶದ ಬಾಯಿಗೆಲ್ಲ ಬರುವ ಮೊದಲು ಆ ಪುಟ್ಟ ನಿಲಯದ ಹೆಸರಾಗಿತ್ತು. ಅಂದಿನಿಂದ ಎರಡು ಮೂರು ತಲೆಮಾರು ರೇಡಿಯೊದ ಕಿವಿ ಹಿಂಡುತ್ತಲೇ, ಕರಕರ ಸದ್ದಿನ ನಡುವೆಯೇ ಕಛೇರಿಗಳನ್ನು ಕೇಳಿತು. ಆಗ ದೂರುವುದಕ್ಕೆ ಯಾರಾದರೂ ಸಿಗುತ್ತಿದ್ದರು. ಒಮ್ಮೆ ಗುಡುಗು, ಒಮ್ಮೆ ಪಕ್ಕದ ಮನೆಯ ಮಿಕ್ಸಿ. ಕಂಪ್ಯೂಟರಿನ ಒಳಗೇ ಇರುವ ಸಂಗೀತ ತೊದಲತೊಡಗಿದರೆ ಯಾರನ್ನು ದೂರುವುದು?

ಸರಸ್ವತಿಪುರದ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರಿಗೆ ಇದು ಬರೀ ಕುತೂಹಲದ ಪ್ರಶ್ನೆಯಾಗಿರಲಿಲ್ಲ. ಅವರು ಬೆಳಿಗ್ಗೆ ಕಾಫಿ ಮುಗಿಸಿ, ಲ್ಯಾಪ್‌ಟಾಪ್ ತೆರೆದು, ಪತ್ರಿಕೆಗಳನ್ನು ಅಂತರಜಾಲದಲ್ಲೇ ಓದುವವರು. ಓದುವಾಗ ಜೊತೆಗೆ ಇಪ್ಪತ್ತೆರಡು ನಿಮಿಷದ ಒಂದು ವೀಣಾವಾದನ ಬೇಕು. ನುಡಿಸಿದ್ದು ಅವರ ಹೆಂಡತಿ. ಯಾವುದೋ ನವರಾತ್ರಿಯಲ್ಲಿ, ಬೊಂಬೆಗಳ ಮುಂದೆ ಕುಳಿತು ನುಡಿಸಿದ ಬೇಗಡೆ ರಾಗ. ಅವರು ತೀರಿಕೊಂಡ ಮೇಲೆ ಮಗ ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟಿದ್ದ. ಕ್ಯಾಸೆಟ್ಟಿಗೆ ಆಮೇಲೆ ಬೂಷ್ಟು ಹಿಡಿದು ಟೇಪೇ ಅಂಟಿಕೊಂಡುಹೋಯಿತು. ಈಗ ಉಳಿದಿರುವುದು ಲ್ಯಾಪ್‌ಟಾಪಿನಲ್ಲಿರುವ ಒಂದೇ ಪ್ರತಿ.

ಅದು ತೊದಲತೊಡಗಿತು. ಬೇಗಡೆಯಂಥ ರಾಗದಲ್ಲಿ ಸ್ವರಕ್ಕಿಂತ ಸ್ವರವನ್ನು ಅಲ್ಲಾಡಿಸುವ ರೀತಿಯೇ ಮುಖ್ಯ. ತಂತಿಯನ್ನು ಎಳೆದು ಬಿಡುವ ನಡುವೆ ಚೂರು ಕಡಿದುಹೋದರೂ ಗಮಕ ಸತ್ತಂತೆಯೇ.

ಸಲಹೆಗಳಿಗೆ ಬರವೇ? ಎದುರು ಮನೆಯವರು "ನಿಮ್ಮ ಇಂಟರ್‌ನೆಟ್ ಸ್ಲೋ ಸಾರ್, ದೊಡ್ಡ ಪ್ಲಾನ್ ಹಾಕಿಸಿ" ಎಂದರು. ವಾಕಿಂಗ್ ಗೆಳೆಯರು ವೈರಸ್ಸೇ ಇರಬೇಕೆಂದು ತೀರ್ಪು ಕೊಟ್ಟು, ಎಲ್ಲ ಅಳಿಸಿ ಹೊಸದಾಗಿ ತುಂಬಿಸಲು ಹೇಳಿದರು. ರಜೆಗೆ ಬಂದಿದ್ದ ಮೊಮ್ಮಗಳು, "ತಾತ, ಇದು ಹಳೇದಾಯ್ತು, ಹೊಸ ಲ್ಯಾಪ್‌ಟಾಪ್ ತಗೊಂಡ್ಬಿಡಿ" ಎಂದಳು.

"ನೀನು ಓದ್ತಿರೋದು ಇಂಜಿನಿಯರಿಂಗ್ ತಾನೆ ಪುಟ್ಟಿ? ಪ್ರಯೋಗದಲ್ಲಿ ಒಂದು ಸಲಕ್ಕೆ ಎಷ್ಟು ಬದಲಾಯಿಸಬೇಕು?"

"ಒಂದೇ, ತಾತ."

"ಹಾಗಾದ್ರೆ ಕೂತ್ಕೋ."

ಮೇಷ್ಟ್ರು ಮೊದಲು ಮಾಡಿದ್ದು ರಿಪೇರಿಯಲ್ಲ. ಕಡತವನ್ನು ಒಂದು ಪೆನ್‌ಡ್ರೈವಿಗೆ ನಕಲು ಮಾಡಿ ಬೀರುವಿನಲ್ಲಿಟ್ಟರು. ಆಮೇಲೆ ಒಂದು ನೋಟ್‌ಬುಕ್ಕು ತೆಗೆದು, ಎಂದಿನಂತೆ ಪತ್ರಿಕೆ ಓದುತ್ತ, ವೀಣೆ ಎಲ್ಲೆಲ್ಲಿ ಕಡಿಯುತ್ತದೆಂದು ನಿಮಿಷ ಸೆಕೆಂಡಿನ ಲೆಕ್ಕದಲ್ಲಿ ಬರೆದರು. ಹೀಗೆ ಎರಡು ಸಲ. ತರ್ಕ ಸರಳವಾದದ್ದು. ಪ್ರತಿ ಸಲವೂ ಅದೇ ಜಾಗದಲ್ಲಿ ಕಡಿದರೆ ಪೆಟ್ಟು ಧ್ವನಿಮುದ್ರಿಕೆಗೇ ಬಿದ್ದಿದೆ, ಅದಕ್ಕೆ ಮದ್ದಿಲ್ಲ. ಬೇರೆ ಬೇರೆ ಕಡೆ ಕಡಿದರೆ ತಪ್ಪು ಯಂತ್ರದ್ದು. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ಹತ್ತಾರು ಜಾಗಗಳು ಹೊಂದಲಿಲ್ಲ. ಒಂದು ಮಾತ್ರ ಎರಡರಲ್ಲೂ ಇತ್ತು: ಹದಿನಾಲ್ಕನೆಯ ನಿಮಿಷದ ಇಪ್ಪತ್ತನೆಯ ಸೆಕೆಂಡು. ಮೇಷ್ಟ್ರು ಅದರ ಕೆಳಗೆ ಗೆರೆ ಎಳೆದರು, ಮಾತಾಡಲಿಲ್ಲ.

ಯಂತ್ರ ಏಕೆ ತೊದಲುತ್ತದೆ ಎನ್ನುವುದಕ್ಕೆ ನಮ್ಮ ಮನೆಗಳ ನೀರಿನ ಟ್ಯಾಂಕೇ ಒಳ್ಳೆಯ ಉದಾಹರಣೆ. ಸಿ.ಡಿ. ಗುಣಮಟ್ಟದ ಧ್ವನಿಯೆಂದರೆ ಸೆಕೆಂಡಿಗೆ 44,100 ಅಳತೆಗಳು. ಅವು ತಪ್ಪದೆ ಒಂದರ ಹಿಂದೊಂದು ಸ್ಪೀಕರಿಗೆ ಸೇರಬೇಕು. ಕಂಪ್ಯೂಟರಿಗೋ ನೂರೆಂಟು ಕೆಲಸ. ಆದ್ದರಿಂದ ಒಂದಿಷ್ಟು ಧ್ವನಿಯನ್ನು ಮುಂಚಿತವಾಗಿಯೇ 'ಬಫರ್' ಎಂಬ ಪುಟ್ಟ ಟ್ಯಾಂಕಿಗೆ ತುಂಬಿಡುತ್ತದೆ. ಕೆಳಗಿನ ನಲ್ಲಿ ಸದಾ ತೆರೆದೇ ಇರುತ್ತದೆ. ಮೇಲಿನಿಂದ ನೀರು ಬರುವುದು ತಡವಾಗಿ ಟ್ಯಾಂಕು ಬರಿದಾದ ಕ್ಷಣ ಹಾಡು ಕಡಿಯುತ್ತದೆ. ಪತ್ರಿಕೆಯ ಪುಟ ಅರ್ಧ ಸೆಕೆಂಡು ತಡವಾಗಿ ಬಂದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ತಡವಾಗಿ ಬಂದ ಸ್ವರ ಮಾತ್ರ ಯಾವುದಕ್ಕೂ ಬಾರದು.

ಎರಡನೆಯ ಪ್ರಯೋಗದಲ್ಲಿ ಅಂತರಜಾಲದ ಸಂಪರ್ಕ ತಪ್ಪಿಸಿದರು. ವೀಣೆ ಸರಾಗವಾಗಿ ಹರಿಯಿತು. ಸಂಪರ್ಕ ಕೊಟ್ಟು ನಾಲ್ಕು ಪುಟ ತೆರೆದದ್ದೇ ತಡ, ತೊದಲು ಶುರು. ಎದುರು ಮನೆಯವರ ಮಾತು ನಿಜವೆನ್ನೋಣವೆಂದರೆ ಕಡತ ಇರುವುದು ಲ್ಯಾಪ್‌ಟಾಪಿನೊಳಗೇ. ಅದಕ್ಕೆ ಅಂತರಜಾಲದ ವೇಗದಿಂದ ಆಗಬೇಕಾದ್ದೇನೂ ಇಲ್ಲ. ಹಾಗಾದರೆ ಪುಟಗಳ ಭಾರಕ್ಕೆ ಯಂತ್ರ ಏದುಸಿರು ಬಿಡುತ್ತಿದೆಯೇ? ಮೊಮ್ಮಗಳು ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದಳು. ಪ್ರೊಸೆಸರಿಗೂ ಮೆಮೊರಿಗೂ ಆಯಾಸವಿರಲಿಲ್ಲ.

ಮೂರನೆಯದಾಗಿ ಅವಳು ತನ್ನ ವೈರಿನ ಇಯರ್‌ಫೋನ್ ಚುಚ್ಚಿ ತಾತನ ಕಿವಿಗೆ ಇಟ್ಟಳು. ಹತ್ತು ಪುಟ ತೆರೆದರೂ ವೀಣೆ ಮಿಸುಕಲಿಲ್ಲ! ಇಬ್ಬರ ಕಣ್ಣೂ ಮೇಜಿನ ಮೇಲಿದ್ದ ಪುಟ್ಟ ಬ್ಲೂಟೂತ್ ಸ್ಪೀಕರಿನ ಕಡೆ ತಿರುಗಿತು. ಕಳೆದ ದೀಪಾವಳಿಗೆ ಬಂದ ಉಡುಗೊರೆ ಅದು. ತೊದಲು ಶುರುವಾದದ್ದೂ ಅಲ್ಲಿಂದೀಚೆಗೇ.

ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಸ್ ಅಲೆಗಳ ದಾರಿಯಲ್ಲಿ. ಮನೆಯ ಹಳೆಯ ಬಗೆಯ ವೈ-ಫೈ ಓಡಾಡುವುದೂ ಅದೇ ದಾರಿಯಲ್ಲಿ. ಮೈಕ್ರೋವೇವ್ ಒಲೆಯಿಂದ ಸೋರುವ ಅಲೆಯೂ ಅದೇ. ಬ್ಲೂಟೂತ್ ಸೆಕೆಂಡಿಗೆ 1,600 ಸಲ ದಾರಿ ಬದಲಿಸಿ ತಪ್ಪಿಸಿಕೊಳ್ಳಲು ನೋಡುತ್ತದೆ. ಆದರೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಎರಡಕ್ಕೂ ಒಂದೇ ಚಿಪ್ಪು. ಪುಟಗಳು ನುಗ್ಗಿ ಬರುವಾಗ ಧ್ವನಿಯ ಪೊಟ್ಟಣಗಳು ಡಿಕ್ಕಿಯಾಗುತ್ತವೆ ಇಲ್ಲವೇ ಕಾಯುತ್ತವೆ. ಮತ್ತೆ ಕಳಿಸುವಷ್ಟರಲ್ಲಿ ಸ್ಪೀಕರಿನ ಟ್ಯಾಂಕು ಖಾಲಿ. ಸಂಜೆ ದೇವರಾಜ ಅರಸು ರಸ್ತೆಯಲ್ಲಿ ಕಾರೂ ಸೈಕಲ್ಲೂ ಒಟ್ಟಿಗೆ ನುಗ್ಗಿದರೆ ಯಾವುದು ನಿಲ್ಲಬೇಕಾಗುತ್ತದೆಂದು ಹೇಳಬೇಕಾಗಿಲ್ಲ.

ವೈರಿನಲ್ಲೂ ತೊದಲಿದ್ದರೆ ಹುಡುಕಾಟ ಬೇರೆ ಕಡೆ ಹೋಗಬೇಕಿತ್ತು. ಮೆಮೊರಿ ತುಂಬಿಸುವ ಪುಟಗಳನ್ನು ಮುಚ್ಚುವುದು, ಬ್ಯಾಟರಿ ಉಳಿಸುವ ವ್ಯವಸ್ಥೆಯನ್ನು ನಿಲ್ಲಿಸುವುದು, ಹಳೆಯ ಡ್ರೈವರ್ ತಂತ್ರಾಂಶ ಬದಲಿಸುವುದು, ಫ್ಯಾನಿನ ಧೂಳು ತೆಗೆದು ಬಿಸಿ ಇಳಿಸುವುದು. ಅಲ್ಲೂ ನಿಯಮ ಒಂದೇ: ಒಂದು ಸಲಕ್ಕೆ ಒಂದು.

ಇಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ರೂಟರಿನಲ್ಲಿ 5 ಗಿಗಾಹರ್ಟ್ಸ್ ದಾರಿಯೂ ಇತ್ತು. ಮೊಮ್ಮಗಳು ಲ್ಯಾಪ್‌ಟಾಪನ್ನು ಅದಕ್ಕೆ ಬದಲಿಸಿದಳು. ಆ ಅಲೆಗಳು ಗೋಡೆ ದಾಟುವುದರಲ್ಲಿ ಸ್ವಲ್ಪ ಅಶಕ್ತ. ಮೇಷ್ಟ್ರ ಕೋಣೆಗೆ ಎರಡು ಗೋಡೆ ದಾಟಿ ಬರಬೇಕು. ಪುಟಗಳು ಕೊಂಚ ನಿಧಾನವಾದವು. "ಪತ್ರಿಕೆ ಕಾಯುತ್ತೆ ಬಿಡು" ಎಂದರು ಮೇಷ್ಟ್ರು. ಒಂದು ಕಾಸೂ ಖರ್ಚಾಗಲಿಲ್ಲ.

ಉಳಿದದ್ದು ಗೆರೆ ಎಳೆದಿಟ್ಟ ಆ ಒಂದು ಜಾಗ. ಸಂಜೆ ಮೇಷ್ಟ್ರು ಮೊಮ್ಮಗಳ ಇಯರ್‌ಫೋನ್ ಕೇಳಿ ಪಡೆದು ಒಬ್ಬರೇ ಕೂತರು. ಹದಿನಾಲ್ಕು ನಿಮಿಷ, ಇಪ್ಪತ್ತು ಸೆಕೆಂಡು. ವೀಣೆ ನಿಂತಿತು. ಆದರೆ ಅದು ಬರಿಯ ಮೌನವಾಗಿರಲಿಲ್ಲ. ಬಿರಡೆ ಕಿರುಗುಟ್ಟಿದ ಸದ್ದು, ಬೆರಳು ತಂತಿಯನ್ನು ಮೆಲ್ಲಗೆ ಮೀಟಿ ನೋಡಿದ್ದು, ಮತ್ತೊಂದು ಸಲ. ಶ್ರುತಿ ಇಳಿದದ್ದು ಅವರ ಹೆಂಡತಿಯ ಕಿವಿಗೆ ತಿಳಿದಿತ್ತು. ನಿಲ್ಲಿಸಿ, ಸರಿಮಾಡಿಕೊಂಡು, ಅವಸರವಿಲ್ಲದೆ ಬಿಟ್ಟಲ್ಲಿಂದಲೇ ಎತ್ತಿಕೊಂಡಿದ್ದರು.

ಮೇಷ್ಟ್ರು ಇಪ್ಪತ್ತೆರಡು ನಿಮಿಷವನ್ನೂ ಕೇಳಿ ಮುಗಿಸಿ, ನೋಟ್‌ಬುಕ್ಕಿನಲ್ಲಿ ಆ ಗೆರೆಯ ಪಕ್ಕ "ಇದು ಹೀಗೇ ಇರಬೇಕು" ಎಂದು ಬರೆದಿಟ್ಟರು.