ಗರ್ಭಿಣಿಯ ಮೂಗಿನ ರಕ್ತ

ಹೊಂಬಳದ ಎರೆಹೊಲಗಳ ಮೇಲಿಂದ ಬೀಸುವ ಚೈತ್ರದ ಒಣಗಾಳಿಗೆ ಗಟ್ಟಿಮುಟ್ಟಾದವರ ಮೂಗು ಸಹ ಬಿರಿಯುವದುಂಟು. ಅಂಥದರಲ್ಲಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಏಳು ತಿಂಗಳ ಬಸುರಿಯೊಬ್ಬಳ ಮೂಗಿನಿಂದ ಒಂದು ಸಂಜೆ ರಕ್ತವು ಧಾರೆಯಾಗಿ ಇಳಿಯತೊಡಗಿದಾಗ ಮನೆಯವರು ಕಂಗೆಟ್ಟುದು ಸಹಜವೇ. ಅಜ್ಜಿಯು "ಮಲಗವ್ವಾ, ತಲಿ ಹಿಂದಕ್ಕ ಚೆಲ್ಲು" ಎಂದಳು. ನೆತ್ತಿಗೆ ತಣ್ಣೀರು ತಟ್ಟಿದಳು. ಉಳ್ಳಾಗಡ್ಡಿಯನ್ನು ಜಜ್ಜಿ ಮೂಸಿಸಿದಳು. "ಆಯೀ, ಗಂಟಲದಾಗ ಇಳೀಲಿಕತ್ತೇತಿ" ಎಂದು ಹುಡುಗಿಯು ಹೇಳುವಷ್ಟರಲ್ಲಿ ವಾಂತಿಯಾಯಿತು, ಅದೂ ಕೆಂಪಗೆ. ನುಂಗಿದ ರಕ್ತವೇ ಹೊರಬಿದ್ದುದೆಂದು ತಿಳಿಯದೆ, ಹೊಟ್ಟೆಯಲ್ಲೇನೋ ಒಡೆಯಿತೆಂದು ತಾಯಿಯು ಗೋಳಾಡಿದಳು.

ಕರೆ ಕೇಳಿ ಓಡಿಬಂದ ಆಶಾ ಕಾರ್ಯಕರ್ತೆಯು ಮೊದಲು ಮಲಗಿದವಳನ್ನು ಎಬ್ಬಿಸಿ ಕೂಡ್ರಿಸಿ, ಮುಂದಕ್ಕೆ ಬಾಗಿಸಿದಳು. ಮೂಗಿನ ಎಲುಬಿನ ಕೆಳಗಿನ ಮೆತ್ತನೆಯ ಭಾಗವನ್ನು ಎರಡು ಬೆರಳುಗಳಿಂದ ಬಿಗಿಹಿಡಿದು, ಉಸಿರನ್ನು ಬಾಯಿಂದ ಆಡಿಸಬೇಕು. ಬಾಯಿಗೆ ಬಂದುದನ್ನು ಉಗುಳಬೇಕು. ಹದಿನೈದು ನಿಮಿಷ ಬೆರಳು ಸಡಿಲಿಸಕೂಡದು. ನಿಂತಿತೋ ಇಲ್ಲವೋ ಎಂದು ಕ್ಷಣಕ್ಷಣಕ್ಕೂ ಬಿಟ್ಟು ನೋಡುವ ಆತುರದಿಂದಲೇ ಹೆಪ್ಪು ಕಿತ್ತು ಬರುವದು.

ಚರಕಾಚಾರ್ಯರು ಇಂಥದನ್ನು ರಕ್ತಪಿತ್ತವೆಂದು ಕರೆದು, ಊರ್ಧ್ವಗ ಅಧೋಗಗಳೆಂದು ವಿಂಗಡಿಸಿದರು. ಇಂದಿನ ವೈದ್ಯರು ಬಸುರಿಯಲ್ಲಿ ಕಾಣುವ ಕಾರಣ ಬೇರೆ: ಗರ್ಭಧಾರಣೆಯಲ್ಲಿ ಮೈಯ ರಕ್ತವು ಹೆಚ್ಚುಕಡಿಮೆ ಒಂದೂವರೆಪಟ್ಟಾಗುವದು, ಈಸ್ಟ್ರೋಜೆನ್ ಎಂಬ ರಸವು ಮೂಗಿನ ಒಳಪೊರೆಯನ್ನು ಉಬ್ಬಿಸುವದು, ನಡುಗೋಡೆಯ ಮುಂಭಾಗದಲ್ಲಿ ಹೆಣೆದುಕೊಂಡ ನವುರಾದ ನಾಳಗಳು ಸ್ವಲ್ಪಕ್ಕೇ ಒಡೆಯುವವು. ಬಹುತೇಕ ಇದು ತಾನಾಗಿಯೇ ನಿಲ್ಲುವ ಉಪದ್ರವ.

ಆ ಸಂಜೆ ಮಾತ್ರ ಅರ್ಧ ಗಂಟೆಯಾದರೂ ನಿಲ್ಲಲಿಲ್ಲ. 108ರ ಗಾಡಿ ಬಂದಿತು. ಗದಗಿನ ದವಾಖಾನೆಯಲ್ಲಿ ಮೂಗಿಗಿಂತ ಮೊದಲು ರಕ್ತದ ಒತ್ತಡವನ್ನು ನೋಡಿದರು; ಇಪ್ಪತ್ತು ವಾರ ದಾಟಿದ ಬಸುರಿಯಲ್ಲಿ ಒತ್ತಡವು ಏರಿ, ತಲೆನೋವು, ಕಣ್ಣು ಮಂಜಾಗುವದು ಇವುಗಳು ಕೂಡಿದರೆ ಅದು ಬೇರೆಯೇ ಗಂಡಾಂತರ. ಒತ್ತಡ ಸರಿಯಾಗಿತ್ತು. ಹಿಮೋಗ್ಲೋಬಿನ್ ಮಾತ್ರ, 11 ಇರಬೇಕಾದದ್ದು, 8ಕ್ಕೆ ಇಳಿದಿತ್ತು. ತಾಯಿ ಕಾರ್ಡಿನ ಜೊತೆಗೆ ಕೊಟ್ಟ ಕಬ್ಬಿಣದ ಗುಳಿಗೆಗಳು ಮಾಡದಲ್ಲಿಯೇ ಉಳಿದಿದ್ದವಂತೆ! ಮೂಗಿನೊಳಗೆ ಬತ್ತಿ ತುಂಬಿ ರಕ್ತ ನಿಲ್ಲಿಸಿದರು. ಕೂಸಿನ ಎದೆಬಡಿತ ಕೇಳಿಸಿದ ಮೇಲೆಯೇ ತಾಯಿಯು ಬಾಯಲ್ಲಿ ನೀರು ಹಾಕಿದಳು.

ಊರಿಗೆ ಮರಳಿದ ಮೇಲೆ ಅಜ್ಜಿಯನ್ನು ಯಾರೂ ಆಡಿಕೊಳ್ಳಲಿಲ್ಲ. ಆಡಿಕೊಳ್ಳಲೂಬಾರದು, ಅವಳ ಅವ್ವ ಕಲಿಸಿದ್ದನ್ನೇ ಅವಳು ಮಾಡಿದ್ದಳು. ಒಂಬತ್ತು ದಿನಗಳ ತರುವಾಯ ಮತ್ತೆ ರಕ್ತ ಕಂಡಾಗ ಮೊಮ್ಮಗಳ ಮೂಗು ಹಿಡಿದವಳು ಅವಳೇ. ಕಣ್ಣು ಗೋಡೆಯ ಗಡಿಯಾರದ ಮೇಲೆ. "ಇನ್ನ ನಾಕು ನಿಮಿಷ ಐತಿ, ಬಿಡಂಗಿಲ್ಲ" ಎಂದು ಗದರಿಸಿದಳು.