ಓಖ್ಲಾದಲ್ಲಿ ಒಂದು ನೆತ್ತರುಕೊಡಗೆ

ಹಳೆಯ ಶಾಸನಗಳನ್ನು ಓದುವವರಿಗೆ ‘ನೆತ್ತರುಕೊಡಗೆ’ ಎಂಬ ಮಾತು ಹೊಸದಲ್ಲ. ತುರುಗೋಳಿನಲ್ಲೋ ಊರಳಿವಿನಲ್ಲೋ ಕಾದಿ ಮಡಿದವನ ಮನೆಯವರಿಗೆ ಅರಸನೋ ಊರಿನವರೋ ಬಿಟ್ಟುಕೊಟ್ಟ ಭೂಮಿಗೆ ಆ ಹೆಸರು. ಹರಿದ ರಕ್ತಕ್ಕೆ ಬೆಲೆ ಕಟ್ಟಲಾಗದು ಎಂಬ ಅರಿವು, ಆದರೂ ರಕ್ತ ಸುರಿಸಿದವನ ಮನೆಯ ಒಲೆ ಆರಬಾರದು ಎಂಬ ಹೊಣೆ, ಎರಡೂ ಆ ಒಂದು ಸಮಾಸದಲ್ಲಿ ಅಡಗಿವೆ. ದತ್ತಿಯನ್ನು ಹೇಳುವ ಶಾಸನಗಳ ಕೊನೆಯಲ್ಲಿ ಅನೇಕ ವೇಳೆ ಶಾಪಾಶಯದ ಮಾತುಗಳು ಬರುತ್ತವೆ. ಕೊಟ್ಟದ್ದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಗುರಿಯಾಗುತ್ತಾನೆ ಎಂಬ ಧಾಟಿಯ ಈ ಮಾತುಗಳನ್ನು ರೂಢಿಯ ಮುಕ್ತಾಯವೆಂದು ತರಗತಿಯಲ್ಲಿ ಹೇಳಿ ಮುಂದೆ ಸಾಗುವುದು ವಾಡಿಕೆ. ಆದರೆ ಅವುಗಳಲ್ಲಿ ಒಂದು ನ್ಯಾಯತತ್ತ್ವವಿದೆ. ಅಲ್ಲಿ ದಂಡದ ಭಯ ಕೊಡುಗೆಯನ್ನು ತಡೆಯುವವನಿಗೇ ಹೊರತು ಪಡೆಯುವವನಿಗಲ್ಲ.

ಈ ತತ್ತ್ವದ ಬೆಲೆ ನನಗೆ ಮನದಟ್ಟಾದದ್ದು ಯಾವ ವೀರಗಲ್ಲಿನ ಮುಂದೆಯೂ ಅಲ್ಲ. ದೆಹಲಿಯ ಆಗ್ನೇಯಕ್ಕಿರುವ ಓಖ್ಲಾ ಎಂಬ ಕೈಗಾರಿಕಾ ಪ್ರದೇಶದಲ್ಲಿ.

ಓಖ್ಲಾ ಯಮುನೆಯ ದಂಡೆಯ ಊರು. 1874ರಲ್ಲಿ ಇಲ್ಲಿಂದಲೇ ಆಗ್ರಾ ಕಾಲುವೆಗೆ ನೀರು ಬಿಡಲಾಯಿತು. ಸ್ವಾತಂತ್ರ್ಯಾನಂತರ, 1950ರ ದಶಕದಲ್ಲಿ, ಇಲ್ಲಿ ಸಣ್ಣ ಕೈಗಾರಿಕೆಗಳಿಗಾಗಿ ವಸಾಹತು ನಿರ್ಮಾಣವಾಯಿತು. ಮುಂದೆ ಅದು ಮೂರು ‘ಫೇಸ್’ಗಳಾಗಿ ಬೆಳೆದು, ಸಿದ್ಧ ಉಡುಪಿನ ಕಾರ್ಖಾನೆಗಳು, ಮುದ್ರಣಾಲಯಗಳು, ಯಂತ್ರದ ಬಿಡಿಭಾಗಗಳ ತಯಾರಿಕೆ ಎಲ್ಲಕ್ಕೂ ಎಡೆ ಮಾಡಿಕೊಟ್ಟಿತು. ಬೆಳಿಗ್ಗೆ ಹರಕೇಶ್ ನಗರ, ತೇಖಂಡ್, ಸಂಜಯ್ ಕಾಲೋನಿಗಳ ಗಲ್ಲಿಗಳಿಂದ ಊಟದ ಡಬ್ಬಿ ಹಿಡಿದು ಹೊರಡುವ ಜನರಲ್ಲಿ ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶಗಳವರು. ಅವರ ನಡುವೆ ಕನ್ನಡ ಕಿವಿಗೆ ಬೀಳುವುದು ಅಪರೂಪ. ದೆಹಲಿಯ ಕನ್ನಡಿಗರ ಒಂದು ಚಿಕ್ಕ ಬಳಗಕ್ಕಾಗಿ ನಾವು ಕೆಲವರು ವರ್ಷಕ್ಕೊಂದು ಸಂಚಿಕೆ ತರುತ್ತಿದ್ದೆವು. ಅದರ ಅಚ್ಚಿನ ಕೆಲಸ ಓಖ್ಲಾದ ಒಂದು ಮುದ್ರಣಾಲಯದಲ್ಲಿ ನಡೆಯುತ್ತಿತ್ತು. ಕಾಗದ ಕತ್ತರಿಸುವ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ ಬೀದರ್ ಕಡೆಯ ಒಬ್ಬಾತ, ನಮ್ಮ ಪುಟಗಳ ಮೇಲಿನ ಅಕ್ಷರ ನೋಡಿ ತಾನಾಗಿ ಬಂದು ಮಾತನಾಡಿಸಿದ. ಅಂದಿನಿಂದ ಸಂಚಿಕೆಯ ಕಟ್ಟುಗಳನ್ನು ನಮ್ಮಲ್ಲಿಗೆ ತಂದು ಮುಟ್ಟಿಸುವ ಕೆಲಸವನ್ನೂ ಆತನೇ ಕೇಳಿ ವಹಿಸಿಕೊಂಡ.

2019ರ ಜನವರಿಯ ಒಂದು ಸೋಮವಾರ ಆ ಯಂತ್ರದಲ್ಲಿ ಆತನ ಬಲಗೈಯ ಎರಡು ಬೆರಳು ಹೋದವು.

ಇಲ್ಲಿ ಕಾನೂನಿನ ಮಾತನ್ನು ಸ್ವಲ್ಪ ಹೇಳಬೇಕು. ಕಾರ್ಮಿಕರ ರಾಜ್ಯ ವಿಮೆ, ಜನರ ಬಾಯಲ್ಲಿ ಇಎಸ್‌ಐ, 1948ರ ಕಾಯ್ದೆಯಿಂದ ಹುಟ್ಟಿದ್ದು. 1944ರಲ್ಲಿ ಪ್ರೊ. ಬಿ.ಪಿ. ಅದರ್ಕರ್ ಅವರು ಸಲ್ಲಿಸಿದ ವರದಿ ಅದರ ಮೂಲ. 1952ರ ಫೆಬ್ರವರಿ 24ರಂದು ಅದು ಜಾರಿಗೆ ಬಂದದ್ದು ಎರಡೇ ಊರುಗಳಲ್ಲಿ: ಕಾನ್ಪುರ ಮತ್ತು ದೆಹಲಿ. ಮಾಲೀಕನೂ ಕಾರ್ಮಿಕನೂ ಸಂಬಳದ ಒಂದು ಪಾಲನ್ನು ವಂತಿಗೆಯಾಗಿ ತೆರಬೇಕು. 2019ರ ಜುಲೈಯಿಂದ ಮಾಲೀಕನ ಪಾಲು ಶೇಕಡಾ 3.25, ಕಾರ್ಮಿಕನದು ಶೇಕಡಾ 0.75. ಕೆಲಸದಲ್ಲಿ ಗಾಯವಾದರೆ ಗುಣವಾಗುವವರೆಗೆ ಕೂಲಿಯ ಶೇಕಡಾ 90ರ ದರದಲ್ಲಿ ಭತ್ಯೆ. ಅಂಗ ಶಾಶ್ವತವಾಗಿ ಊನವಾದರೆ, ದುಡಿಮೆಯ ಶಕ್ತಿ ಎಷ್ಟು ನಷ್ಟವಾಯಿತೆಂದು ವೈದ್ಯ ಮಂಡಳಿ ನಿರ್ಣಯಿಸಿದ ಪ್ರಮಾಣದಲ್ಲಿ ಜೀವನಪರ್ಯಂತ ಭತ್ಯೆ. ಕಾಯಿಲೆಯ ಭತ್ಯೆಗೆ ಇಷ್ಟು ದಿನ ವಂತಿಗೆ ತೆತ್ತಿರಬೇಕೆಂಬ ಷರತ್ತುಂಟು. ಕೆಲಸದಲ್ಲಾದ ಗಾಯಕ್ಕೆ ಅದಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಬೆರಳು ಹೋದರೂ ಹಕ್ಕು ಹಕ್ಕೇ. ಕಾಯ್ದೆಯನ್ನು ರೂಪಿಸಿದವರ ಮನಸ್ಸು ದೊಡ್ಡದಾಗಿತ್ತೆಂಬುದರಲ್ಲಿ ಸಂಶಯವಿಲ್ಲ.

ಆದರೆ ಈತನ ಹೆಸರು ವಿಮೆಯ ದಾಖಲೆಯಲ್ಲಿ ಇರಲೇ ಇಲ್ಲ. 2016ರಿಂದ ಕೆಲಸದಲ್ಲಿದ್ದರೂ ಸಂಬಳ ನಗದಿನಲ್ಲಿ, ಚೀಟಿಯಿಲ್ಲದೆ. ಸೋಮವಾರ ಬೆರಳು ಹೋಯಿತು. ಬುಧವಾರ ಮುದ್ರಣಾಲಯದವರು ಆತನನ್ನು ಅಂದೇ ಸೇರಿದ ಹೊಸ ಕೆಲಸಗಾರನೆಂದು ನೋಂದಾಯಿಸಿದರು. ಅಪಘಾತ ಗುರುವಾರ ನಡೆಯಿತೆಂದು ವರದಿ ಸಿದ್ಧಪಡಿಸಿದರು. ಹಿಂದಿನ ವರ್ಷಗಳ ವಂತಿಗೆಯ ಬಾಕಿ, ಅದರ ಮೇಲೆ ಶೇಕಡಾ 12ರ ಬಡ್ಡಿ, ಬಾಕಿಯಷ್ಟೇ ಮೊತ್ತದವರೆಗೆ ಏರಬಹುದಾಗಿದ್ದ ದಂಡ, ಇವೆಲ್ಲದರಿಂದ ಪಾರಾಗುವ ದಾರಿ ಅದು. ಆ ವರದಿಗೆ ಆತನ ಸಹಿ ಬೇಕಾಗಿತ್ತು. ಸಹಿ ಮಾಡಿದರೆ ತಿಂಗಳೊಳಗೆ ಹಣ ಬರುತ್ತದೆ ಎಂದು ಹೇಳಿದರು. ಅದು ಸುಳ್ಳೂ ಇರಲಿಕ್ಕಿಲ್ಲ.

ಆತ ನನ್ನಲ್ಲಿಗೆ ಬಂದದ್ದು ಆ ಕಾಗದದೊಂದಿಗೆ. ಬಲಗೈಗೆ ಬ್ಯಾಂಡೇಜು, ಎಡಗೈಯಲ್ಲಿ ಪ್ಲಾಸ್ಟಿಕ್ ಚೀಲ. “ಬಟ್ಟು ಹೋಗಿದ್ದು ಸೋಮವಾರರೀ ಸರ. ಗುರುವಾರ ಅಂತ ಹ್ಯಾಂಗ ಸಹಿ ಮಾಡ್ಲಿ?” ಎಂದ. ಸಹಿ ಮಾಡಬೇಡ ಎಂದು ಹೇಳಿಸಿಕೊಳ್ಳಲು ಆತ ಬಂದಿರಲಿಲ್ಲ. ಅದನ್ನು ತಾನೇ ತೀರ್ಮಾನಿಸಿದ್ದ. ಬೇರೆ ದಾರಿ ಯಾವುದಿದೆ ಎಂದು ಕೇಳಲು ಬಂದಿದ್ದ.

ಶಾಸನದ ಕಾಲವನ್ನು ಪರೀಕ್ಷಿಸುವಾಗ ತಿಥಿಗೂ ವಾರಕ್ಕೂ ತಾಳೆ ಬೀಳುವುದೇ ಎಂದು ನಾವು ನೋಡುತ್ತೇವೆ. ತಾಳೆ ಬೀಳದಿದ್ದರೆ ಕೂಟ ಶಾಸನವೇ ಎಂಬ ಶಂಕೆ ಹುಟ್ಟುತ್ತದೆ. ಇಲ್ಲಿಯೂ ಅಂಥದೇ ಸಮಸ್ಯೆ ಎದುರಾಯಿತು. ಮೊದಲ ಚಿಕಿತ್ಸೆ ಮಾಡಿದ ದವಾಖಾನೆಯ ಚೀಟಿಯಲ್ಲಿ ಸೋಮವಾರದ ತಾರೀಖು. ಮಾಲೀಕರ ವರದಿಯಲ್ಲಿ ಗುರುವಾರದ್ದು. ಎರಡರಲ್ಲೊಂದು ಸುಳ್ಳು. ಸುಳ್ಳು ಹೇಳಿಕೆ ಕೊಟ್ಟು ಭತ್ಯೆ ಪಡೆದವನಿಗೆ ಕಾಯ್ದೆ ಆರು ತಿಂಗಳವರೆಗಿನ ಸೆರೆವಾಸವನ್ನು ಇಲ್ಲವೇ ಎರಡು ಸಾವಿರ ರೂಪಾಯಿವರೆಗಿನ ದಂಡವನ್ನು ವಿಧಿಸಿತ್ತು. ಅಷ್ಟೇ ಅಲ್ಲ, ಶಿಕ್ಷೆಯಾದವನಿಗೆ ಮುಂದೆ ಕೆಲವು ಕಾಲ ನಗದು ಭತ್ಯೆಯೂ ಇಲ್ಲ. ಮಾಲೀಕನಿಗಾಗಿ ಗುರುವಾರವೆಂದು ಬರೆದಿದ್ದರೆ ಆ ಅಪಾಯ ಕಾರ್ಮಿಕನ ತಲೆಯ ಮೇಲೆ. ಸೋಮವಾರವೆಂದು ಪಟ್ಟು ಹಿಡಿದದ್ದಕ್ಕೆ ಆತ ತೆತ್ತದ್ದು ಬೇರೊಂದು ದಂಡ. ಅದರ ಹೆಸರು ತಡ.

ವಿಚಾರಣೆ ಆರಂಭವಾಯಿತು. ಕಚೇರಿಯ ಕಿಟಕಿಯ ಆಚೆ ಕುಳಿತವರು ಕ್ರೂರಿಗಳೇನೂ ಆಗಿರಲಿಲ್ಲ. 2016ರಿಂದ ಕೆಲಸದಲ್ಲಿದ್ದುದಕ್ಕೆ ಪುರಾವೆ ಕೇಳಿದರು. ಅದು ಅವರ ಧರ್ಮ. ಆದರೆ ಪ್ರತಿ ಪ್ರಶ್ನೆಗೂ ಒಂದು ದಿನ, ಪ್ರತಿ ಉತ್ತರಕ್ಕೂ ಇನ್ನೊಂದು ದಿನ. ಜೊತೆಯ ಕೆಲಸಗಾರರು ಸಾಕ್ಷಿ ಹೇಳಲು ಹೆದರಿದರು. ಈ ನಡುವೆ ಆತ ಊರಿನ ಸಾಹುಕಾರನಿಂದ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ತಂದ; ಹೆಂಡತಿಯ ಬೋರಮಾಳ ಅಡವಿಗೆ ಹೋಯಿತು.

ಕೊನೆಗೆ ನೆರವಿಗೆ ಬಂದದ್ದು ನಮ್ಮ ಸಂಚಿಕೆಯ ಕಡತ. ಲೆಕ್ಕಪತ್ರಕ್ಕೆಂದು ನಾವು ಪ್ರತಿ ವರ್ಷದ ಡೆಲಿವರಿ ಚಲನ್‌ಗಳನ್ನು ಕಟ್ಟಿಟ್ಟಿದ್ದೆವು. 2017ರ ಆಗಸ್ಟ್‌ನ ಒಂದು ಚಲನ್‌ನಲ್ಲಿ, ಮುದ್ರಣಾಲಯದ ಮೊಹರಿನ ಕೆಳಗೆ, ತಂದು ಮುಟ್ಟಿಸಿದವನ ಸಹಿ ಕನ್ನಡದಲ್ಲಿತ್ತು. ಹಿಂದಿಯಲ್ಲೂ ಬರೆಯಬಲ್ಲವನು ಆತ. ಕನ್ನಡದವರ ಮನೆಗೆ ಬಂದೆನೆಂಬ ಸಂತೋಷಕ್ಕೆ ಕನ್ನಡದಲ್ಲಿ ಬರೆದಿದ್ದ. ಕಚೇರಿಯಲ್ಲಿ ಅದನ್ನು ಓದುವವರಿರಲಿಲ್ಲ. ನಾಗರಿಯಲ್ಲಿ ಲಿಪ್ಯಂತರ ಮಾಡಿ, ಕೆಳಗೆ ನನ್ನ ಸಹಿ ಹಾಕಿ ಕೊಟ್ಟೆ. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಲಿಪ್ಯಂತರಗಳಲ್ಲಿ ಒಬ್ಬನ ಅನ್ನಕ್ಕೆ ನೇರವಾಗಿ ಒದಗಿದ್ದು ಅದೊಂದೇ. ಇಡೀ ಮುದ್ರಣಾಲಯದಲ್ಲಿ ಆ ಲಿಪಿಯಲ್ಲಿ ಸಹಿ ಹಾಕಬಲ್ಲವನು ಅವನೊಬ್ಬನೇ ಎಂಬುದು ಪುರಾವೆಗೆ ಬಲ ತಂದಿತು.

ಒಂಬತ್ತು ತಿಂಗಳ ಬಳಿಕ ಸೋಮವಾರ ಸೋಮವಾರವೇ ಎಂದು ತೀರ್ಮಾನವಾಯಿತು. ತಾತ್ಕಾಲಿಕ ಭತ್ಯೆಯ ಬಾಕಿ ಬಂತು. ಒಂದು ಕೈಯ ಎರಡು ಬೆರಳು ಹೋದರೆ ದುಡಿಮೆಯ ಶಕ್ತಿಯ ನಷ್ಟ ಶೇಕಡಾ 20 ಎಂದು ಅನುಸೂಚಿಯಲ್ಲಿ ನಮೂದಾಗಿತ್ತು. ದಿನಗೂಲಿ 500 ರೂಪಾಯಿ ಎಂದಿಟ್ಟುಕೊಂಡರೆ ಪೂರ್ಣ ದರ 450, ಅದರ ಐದನೆಯ ಒಂದು ಭಾಗ 90. ದಿನಕ್ಕೆ 90 ರೂಪಾಯಿ, ಬದುಕಿರುವವರೆಗೆ. ಇದನ್ನು ಸಣ್ಣದೆಂದು ನಾನು ಹೇಳಲಾರೆ. ನಿಯತವಾಗಿ ಬರುವ ಅಂಥ ಹಣದ ಬಲ ಎಷ್ಟೆಂಬುದನ್ನು ಬಡವನ ಮನೆ ಬಲ್ಲುದು.

ಆದರೆ ಆ ಒಂಬತ್ತು ತಿಂಗಳು ಯಾರ ಲೆಕ್ಕಕ್ಕೆ ಸೇರಬೇಕು? ವಂತಿಗೆ ತಡಮಾಡಿದ ಮಾಲೀಕ ತೆರುವ ಬಡ್ಡಿಯೂ ದಂಡವೂ ವಿಮಾ ನಿಧಿಗೆ ಹೋಗುತ್ತವೆ. ಕಾದು ಕುಳಿತವನಿಗೆ ಅದರಲ್ಲಿ ಒಂದು ಪೈಸೆಯಿಲ್ಲ. ಅವನ ಪಾಲಿಗೆ ಉಳಿಯುವುದು ಸಾಹುಕಾರನಿಗೆ ತೆರಬೇಕಾದ ವರ್ಷಕ್ಕೆ ಶೇಕಡಾ 36ರ ಬಡ್ಡಿ. 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲಿ ಇದಕ್ಕಿಂತ ಹದವಾದ ಏರ್ಪಾಟಿತ್ತು. ಪರಿಹಾರವನ್ನು ತಿಂಗಳಿಗಿಂತ ಹೆಚ್ಚು ತಡಮಾಡಿದ ಮಾಲೀಕ ಶೇಕಡಾ 12ರ ಬಡ್ಡಿಯನ್ನೂ, ಸಕಾರಣವಿಲ್ಲದಿದ್ದರೆ ಪರಿಹಾರದ ಅರ್ಧದವರೆಗಿನ ದಂಡವನ್ನೂ ತೆರಬೇಕಾಗಿತ್ತು. 2000ದ ತಿದ್ದುಪಡಿಯ ಬಳಿಕ ಬಡ್ಡಿ, ದಂಡ ಎರಡೂ ಕಾರ್ಮಿಕನಿಗೇ ಸೇರುತ್ತಿದ್ದವು. ಆದರೆ ವಿಮೆಗೆ ಒಳಪಟ್ಟವನು ಆ ಬಾಗಿಲು ತಟ್ಟುವಂತಿರಲಿಲ್ಲ. ಇತ್ತ ವಿಮೆಯ ನಿಯಮಾವಳಿಯಲ್ಲಿ, ವೈದ್ಯರ ಪ್ರಮಾಣಪತ್ರವನ್ನು ಮೂರು ದಿನಗಳೊಳಗೆ ಸಲ್ಲಿಸದ ಕಾರ್ಮಿಕ, ತಕ್ಕ ಕಾರಣ ತೋರಿಸದಿದ್ದರೆ, ಕಳೆದ ದಿನಗಳ ಭತ್ಯೆಯನ್ನು ಕಳೆದುಕೊಳ್ಳುವಂತಿತ್ತು. ಅವನ ಮೂರು ದಿನಕ್ಕೆ ಬೆಲೆಯುಂಟು. ಅವನು ಕಾದ ಇನ್ನೂರೆಪ್ಪತ್ತು ದಿನಕ್ಕೆ ಇಲ್ಲ. ಶಾಸನದ ಶಾಪ ಇಲ್ಲಿ ತಲೆಕೆಳಗಾಗಿ ನಿಂತಿದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2020ರ ಮಾರ್ಚ್‌ನ ಲಾಕ್‌ಡೌನಿನಲ್ಲಿ ಆತ ಮಾಡುತ್ತಿದ್ದ ಹೊಸ ಕೆಲಸವೂ ಹೋಯಿತು. 2018ರ ಜುಲೈ 1ರಿಂದ ಜಾರಿಗೆ ಬಂದಿದ್ದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಡಿ ಕೆಲಸ ಕಳೆದುಕೊಂಡ ವಿಮಾದಾರರಿಗೆ 90 ದಿನಗಳವರೆಗೆ ನಿರುದ್ಯೋಗ ಭತ್ಯೆ ಉಂಟು. ಮೊದಲು ಅದು ಸರಾಸರಿ ಕೂಲಿಯ ಶೇಕಡಾ 25 ಇತ್ತು. 2020ರ ಆಗಸ್ಟ್‌ನಲ್ಲಿ ಅದನ್ನು ಶೇಕಡಾ 50ಕ್ಕೆ ಏರಿಸಿ, ಕೆಲಸ ಹೋದ 90 ದಿನಗಳ ಬದಲು 30 ದಿನಗಳಿಗೇ ಅರ್ಜಿ ಹಾಕಬಹುದೆಂದೂ, ಮಾಲೀಕನ ಮೂಲಕ ಹೋಗದೆ ನೇರವಾಗಿ ಕಚೇರಿಗೆ ಕೊಡಬಹುದೆಂದೂ ಸಡಿಲಿಸಿದರು. ಈ ಕೊನೆಯ ಸಡಿಲಿಕೆಯನ್ನು ಮಾಡಿದವರಿಗೆ ಓಖ್ಲಾದಂಥ ಊರಿನ ಪರಿಚಯ ಇದ್ದಿರಬೇಕು. ಆದರೆ ಕನಿಷ್ಠ ಎರಡು ವರ್ಷ ವಿಮೆಗೊಳಪಟ್ಟ ಕೆಲಸದಲ್ಲಿರಬೇಕೆಂಬ ಷರತ್ತು ಉಳಿಯಿತು. ಈತನ ವಿಮೆ 2019ರ ಜನವರಿಯ ಆ ಬುಧವಾರ ಹುಟ್ಟಿದ್ದು, ಹದಿನಾಲ್ಕು ತಿಂಗಳು. ಹಿಂದಿನ ವಂತಿಗೆಯ ವಸೂಲಿ ಇನ್ನೂ ಕಾಗದದ ಮೇಲೆಯೇ ಇತ್ತು. ಮಾಲೀಕನ ಲೋಪದಿಂದ ಕಾರ್ಮಿಕನ ಭತ್ಯೆ ತಪ್ಪಿದರೆ ನಿಗಮವೇ ಕೊಟ್ಟು ಮಾಲೀಕನಿಂದ ವಸೂಲು ಮಾಡಬಹುದೆಂದು ಕಾಯ್ದೆಯ 68ನೆಯ ಕಲಮು ಹೇಳುತ್ತಿತ್ತು. ಆದರೆ ಅದನ್ನು ಹಿಡಿದು ಮತ್ತೊಂದು ವಿಚಾರಣೆಗೆ ನಿಲ್ಲುವ ಶಕ್ತಿ ಆತನಲ್ಲಿ ಉಳಿದಿರಲಿಲ್ಲ. “ಇನ್ನ ಸಾಕರೀ ಸರ” ಎಂದು ಬೀದರಿಗೆ ಹೊರಟುಹೋದ.

ಇದು ದೂರದ ದೆಹಲಿಯ ಮಾತೆಂದು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕಿಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಯುವನಿಧಿ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿ, ಗರಿಷ್ಠ ಎರಡು ವರ್ಷ. ತನಗೆ ಇನ್ನೂ ಕೆಲಸ ಸಿಕ್ಕಿಲ್ಲವೆಂದು ಆರಂಭದಲ್ಲಿ ಪ್ರತಿ ತಿಂಗಳೂ ಸ್ವಯಂಘೋಷಣೆ ಮಾಡಬೇಕಿತ್ತು, ಮರೆತರೆ ಹಣವಿಲ್ಲ. ನಿಯಮ ಬೇಡವೆಂದು ನಾನು ಹೇಳುತ್ತಿಲ್ಲ. ಸಾರ್ವಜನಿಕರ ಹಣಕ್ಕೆ ಕಾವಲು ಬೇಕು. ತಪ್ಪಿದ ತಾರೀಖಿಗೆ ತೆರುವವನು ಇಲ್ಲಿಯೂ ಪಡೆಯುವವನೇ ಎಂಬುದಷ್ಟೇ ನನ್ನ ಗಮನಕ್ಕೆ ಬಂದದ್ದು.

ಕನ್ನಡದಲ್ಲಿ ‘ಹಕ್ಕು’ ಎಂಬುದಕ್ಕೂ ‘ಹಂಗು’ ಎಂಬುದಕ್ಕೂ ಧ್ವನಿಯಲ್ಲಿ ಕೊಂಚ ಅಂತರ, ಅರ್ಥದಲ್ಲಿ ಅಜಗಜಾಂತರ. ಹಕ್ಕು ಅರಬ್ಬಿಯಿಂದ ಬಂದು ನಮ್ಮದಾದ ಮಾತು; ಹಂಗು ನಮ್ಮಲ್ಲೇ ಬೇರೂರಿದ್ದು. ಹಂಗಿನ ಅನ್ನವನ್ನು ಒಲ್ಲೆನೆನ್ನುವ ದಿಟ್ಟತನವನ್ನು ನಮ್ಮ ಶರಣರಿಂದ ನಾವು ಕಲಿತಿದ್ದೇವೆ. ವಿಮೆಯ ಭತ್ಯೆ ಹುಟ್ಟಿದ್ದು ಹಕ್ಕಾಗಿ. ಅದು ದುಡಿದವನು ತಾನೇ ಪಾಲು ತೆತ್ತು ಪಡೆಯುವಂಥದು. ಆದರೆ ಅದು ಒಂಬತ್ತು ತಿಂಗಳ ಬಳಿಕ, ನೂರು ಕೈಮುಗಿತಗಳ ಬಳಿಕ ಕೈಸೇರಿದಾಗ ಪಡೆದವನ ಮುಖದಲ್ಲಿ ಕಂಡದ್ದು ಹಕ್ಕಿನ ನೆಮ್ಮದಿಯಲ್ಲ, ಹಂಗಿನ ಕುಗ್ಗು. ಹಕ್ಕನ್ನು ಹಂಗಾಗಿಸಲು ಯಾವ ತಿದ್ದುಪಡಿಯೂ ಬೇಡ. ತಡಮಾಡಿದರೆ ಸಾಕು.

2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು, ಮೇಲೆ ಹೇಳಿದ 1923ರ ಮತ್ತು 1948ರ ಕಾಯ್ದೆಗಳೆರಡನ್ನೂ ತನ್ನೊಳಗೆ ತೆಗೆದುಕೊಂಡಿದೆ. ಹೊಸ ಸಂಹಿತೆಯ ಕಲಮುಗಳನ್ನು ವಕೀಲರು ಓದುತ್ತಾರೆ. ಕನ್ನಡ ಓದುವವರಾದ ನಾವು ಅದನ್ನು ನಮ್ಮ ರೀತಿಯಲ್ಲಿ ಓದಬಹುದು. ಕೊಡುಗೆಯ ಮಾತು ಎಲ್ಲಿ ಮುಗಿಯುತ್ತದೆ, ಶಾಪದ ಮಾತು ಎಲ್ಲಿ ಆರಂಭವಾಗುತ್ತದೆ, ಆ ಶಾಪ ಯಾರ ಕಡೆ ತಿರುಗಿದೆ ಎಂದು ನೋಡಬಹುದು. ಶಾಸನ ಓದುವುದನ್ನು ನಮಗೆ ಕಲಿಸಿದ ಗುರುಗಳು ಕಲ್ಲಿನ ಮೇಲಿನ ಪ್ರತಿ ಅಕ್ಷರವನ್ನೂ ಬೆರಳಿನಿಂದ ಮುಟ್ಟಿ ಓದಿರೆಂದು ಹೇಳುತ್ತಿದ್ದರು. ಸರ್ಕಾರದ ಅರ್ಜಿಯ ನಮೂನೆಗಳೂ ಅಷ್ಟೇ ನಿಧಾನದ, ಅಷ್ಟೇ ಎಚ್ಚರದ ಓದಿಗೆ ಅರ್ಹವಾಗಿವೆ. ಅವುಗಳ ಕೆಳಗೆ ಸಹಿ ಹಾಕಬೇಕಾದವರಿಗೆ ಎಲ್ಲ ಬೆರಳುಗಳೂ ಇರುವುದಿಲ್ಲ.