ಕುರ್ಚಿಯಿಂದ ಏಳುವ ವಿದ್ಯೆ

ಕುರ್ಚಿಯಿಂದ ಏಳುವುದಕ್ಕೂ ಅಭ್ಯಾಸ ಬೇಕು ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ವರ್ಷಗಟ್ಟಲೆ ವಿಜ್ಞಾನ ಪಾಠ ಹೇಳಿದ ಮೇಷ್ಟ್ರು ದಿನಕ್ಕೆ ಎಷ್ಟು ಸಲ ಕುರ್ಚಿಯಿಂದ ಏಳುತ್ತಾನೆಂದು ಲೆಕ್ಕ ಇಟ್ಟವರುಂಟೆ? ಆದರೆ 2019ರ ಬೇಸಿಗೆ ರಜೆಯಲ್ಲಿ, ಅಮೆರಿಕದ ಅರಿಜೋನಾದಲ್ಲಿ, ಅರವತ್ತೈದು ದಾಟಿದ ಹಿರಿಯರೊಬ್ಬರು ಕುರ್ಚಿಯಿಂದ ಎದ್ದ ರೀತಿಯನ್ನು ನೋಡಿ ಬಂದಂದಿನಿಂದ ಆ ನಗು ನಿಂತಿದೆ.

ನಾನು ಹೋಗಿದ್ದು ಅಕ್ಕನ ಮಗನ ಮನೆಗೆ. ಅವನಿರುವುದು ಫೀನಿಕ್ಸ್ ನಗರದಲ್ಲಿ. ಪಕ್ಕದ ಮನೆಯವರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ಮಂಡಿನೋವಿನ ಮನುಷ್ಯ, ಮೆತ್ತಗಿನ ಮಾತು. ಅವರು ಭಾನುವಾರ ಬೆಳಿಗ್ಗೆ ಪಿಸ್ತೂಲು ಸ್ಪರ್ಧೆಗೆ ಹೋಗುತ್ತಾರೆಂದು ಕೇಳಿ ನನಗೆ ನಂಬಿಕೆಯೇ ಬರಲಿಲ್ಲ. “ಬನ್ನಿ ಮಾವ, ನಾವೂ ನೋಡಿಬರೋಣ. ನಿಮ್ಮ ಫಿಸಿಕ್ಸ್ ಎಲ್ಲಾ ಅಲ್ಲೇ ಇದೆ” ಎಂದ ನಮ್ಮ ಹುಡುಗ.

ನಿಜ ಹೇಳಬೇಕೆಂದರೆ ನನಗೆ ಮನಸ್ಸಿರಲಿಲ್ಲ. ಹಿಂದಿನ ವರ್ಷದ ಫೆಬ್ರುವರಿಯಲ್ಲಷ್ಟೇ ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನ ಶಾಲೆಯಲ್ಲಿ ಒಬ್ಬ ಗುಂಡು ಹಾರಿಸಿ 17 ಜನರನ್ನು ಕೊಂದಿದ್ದ. ಶಾಲೆಯಲ್ಲಿ ಅನ್ನ ತಿನ್ನುವವನಿಗೆ ಇಂಥ ಸುದ್ದಿ ಬೇಗ ಮರೆಯುವುದಿಲ್ಲ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದಾಗ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ .22 ರೈಫಲ್ಲಿನಿಂದ ನಾಲ್ಕು ಗುಂಡು ಹಾರಿಸಿದ್ದೇ ಕೊನೆ, ಮತ್ತೆ ಬಂದೂಕು ಮುಟ್ಟಿದವನಲ್ಲ. ಆದರೂ ಹಿರಿಯರು ಕರೆದಾಗ ಇಲ್ಲ ಎನ್ನಲಾಗದೆ ಹೊರಟೆ.

ಊರಾಚೆ ಬಯಲು. ಮೂರು ಕಡೆ ಎತ್ತರದ ಮಣ್ಣಿನ ದಿಬ್ಬ, ನಡುವೆ ರಟ್ಟಿನ ಗುರಿಗಳು. ನೋಡುವವರೂ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಲೇಬೇಕು. ಈ ಆಟಕ್ಕೆ ಪ್ರಾಕ್ಟಿಕಲ್ ಶೂಟಿಂಗ್ ಎಂದು ಹೆಸರು. ಇದರ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ. ಜೆಫ್ ಕೂಪರ್ ಎಂಬುವರು ಮೊದಲ ಅಧ್ಯಕ್ಷರು. ನಿಖರತೆ, ಬಲ, ವೇಗ ಎಂಬುದು ಅದರ ಧ್ಯೇಯವಾಕ್ಯ.

ಲೆಕ್ಕ ಮೇಷ್ಟ್ರಿಗೆ ಹಿಡಿಸುವಂಥದು. ಗುರಿಯ ಮಧ್ಯಭಾಗಕ್ಕೆ ತಗುಲಿದರೆ 5 ಅಂಕ. ಕಡಿಮೆ ಬಲದ ಗುಂಡಾದರೆ ಅದರಾಚೆಯ ವಲಯಕ್ಕೆ 3, ಅಂಚಿಗೆ 1. ಬಂದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಬೇಕು. 12 ಗುಂಡೂ ಮಧ್ಯಕ್ಕೆ ಬಿದ್ದು 60 ಅಂಕ ಬಂದು, ಸಮಯ 10 ಸೆಕೆಂಡಾದರೆ ಭಾಗಲಬ್ಧ 6. ಅದೇ ಗುರಿಗಾರ ಎರಡು ಸೆಕೆಂಡು ತಡಬಡಾಯಿಸಿದರೆ 5ಕ್ಕೆ ಇಳಿಯಿತು. ಗುರಿ ತಪ್ಪದೆಯೂ ಸೋಲಬಹುದು ಎಂದಾಯಿತು.

ಆ ಎರಡು ಸೆಕೆಂಡು ಹೆಚ್ಚಾಗಿ ಕಳೆದುಹೋಗುವುದು ಆರಂಭದಲ್ಲಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ್‍ಯಾಪಿಡ್ ಫೈರ್ ಪಿಸ್ತೂಲು ನೆನಪಿರಬಹುದು. ಅಲ್ಲಿ ತೋಳನ್ನು ಕೆಳಗಿಳಿಸಿ ಹಿಡಿದು ಆರಂಭಿಸಬೇಕು. ಪ್ರತಿ ಸಲವೂ ಅದೇ ನಿಲುವು. ಈ ಆಟದಲ್ಲಿ ಹಾಗಿಲ್ಲ. ಕೈ ಇಳಿಬಿಟ್ಟು ನೆಟ್ಟಗೆ ನಿಲ್ಲುವುದು ಸಾಮಾನ್ಯ ಕ್ರಮವಾದರೂ, ಸ್ಪರ್ಧೆ ಏರ್ಪಡಿಸುವವರು ಮನಬಂದಂತೆ ಬದಲಾಯಿಸುತ್ತಾರೆ. ಒಮ್ಮೆ ಕುರ್ಚಿಯಲ್ಲಿ ಕೂರಿಸುತ್ತಾರೆ, ಒಮ್ಮೆ ಮಂಚದ ಮೇಲೆ ಅಂಗಾತ ಮಲಗಿಸುತ್ತಾರೆ. ಗುರಿಗೆ ಬೆನ್ನು ಮಾಡಿ ಕೈ ಮೇಲೆತ್ತಿ ನಿಲ್ಲಿಸುವುದುಂಟು, ಕೈಗೊಂದು ಪೆಟ್ಟಿಗೆ ಕೊಟ್ಟು ಪಿಸ್ತೂಲನ್ನು ದೂರದ ಮೇಜಿನ ಮೇಲಿಡಿಸುವುದೂ ಉಂಟು.

ನನಗೆ ತಟ್ಟನೆ ಖೋ ಖೋ ನೆನಪಾಯಿತು. ಅಲ್ಲಿಯೂ ಒಬ್ಬ ಪೂರ್ವಕ್ಕೆ, ಪಕ್ಕದವನು ಪಶ್ಚಿಮಕ್ಕೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ಬೆನ್ನ ಹಿಂದಿನಿಂದ ‘ಖೋ’ ಬಿದ್ದೊಡನೆ ಎದ್ದು ಓಡಬೇಕು. ಚೆನ್ನಾಗಿ ಆಡುವ ಹುಡುಗ ಖೋ ಬೀಳುವ ಮೊದಲೇ ಮೈಭಾರವನ್ನು ಬೆರಳ ತುದಿಗೆ ತಂದುಕೊಂಡಿರುತ್ತಾನೆ. ಉಳಿದವರು ಖೋ ಬಿದ್ದ ಮೇಲೆ ಹುಡುಕುತ್ತಾರೆ.

ಮೊದಲ ಸುತ್ತು ಕುರ್ಚಿಯದು. ಸೂಚನೆಯನ್ನು ಬರೆದು ಹಾಕಿದ್ದರು: ಕುರ್ಚಿಯ ಬೆನ್ನಿಗೆ ಒರಗಿ ಕೂರಬೇಕು, ಎರಡೂ ಅಂಗೈ ಮಂಡಿಯ ಮೇಲಿರಬೇಕು, ಖಾಲಿ ಪಿಸ್ತೂಲು ಮತ್ತು ಗುಂಡು ತುಂಬಿದ ಮ್ಯಾಗಜೀನು ಎದುರಿನ ಮೇಜಿನ ಮೇಲಿರಬೇಕು. ಹಿರಿಯರು ಅದನ್ನು ಎರಡು ಸಲ ಓದಿದರು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನಮ್ಮ ಬುದ್ಧಿವಂತ ಮಕ್ಕಳು ಓದುವ ಹಾಗೆ. ಬಳಿಕ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಕೈ ಎಲ್ಲಿಡಬೇಕೆಂದು ಹೇಳಿದ್ದಾರೆ. ಕಾಲು ಎಲ್ಲಿಡಬೇಕೆಂದು ಹೇಳಿಲ್ಲ, ಗಮನಿಸಿದಿರಾ?”

ಸ್ಪರ್ಧೆಗೆ ಮುನ್ನ ಎಲ್ಲರಿಗೂ ಬರಿಗೈಯಲ್ಲಿ ಅಭ್ಯಾಸಕ್ಕೆ ಸ್ವಲ್ಪ ಹೊತ್ತು ಕೊಡುತ್ತಾರೆ. ಇವರು ಕುರ್ಚಿಯಲ್ಲಿ ಕೂತು ಪಾದಗಳನ್ನು ಹಿಂದಕ್ಕೆಳೆದು ಕುರ್ಚಿಯ ಅಡಿಗೆ ತಂದರು, ತಲೆ ಮುಂದೆ ಬಾಗಿಸಿ ಎದ್ದರು. ಮತ್ತೆ ಕೂತರು, ಮತ್ತೆ ಎದ್ದರು. ನನಗೋ ಒಳಗೊಳಗೇ ಸಂಭ್ರಮ! ಗುರುತ್ವಕೇಂದ್ರದ ಪಾಠಕ್ಕೆ ನಾನು ಕ್ಲಾಸಿನಲ್ಲಿ ಮಾಡಿಸುವ ತಮಾಷೆ ಇದೇ. ಹುಡುಗನೊಬ್ಬನನ್ನು ಕುರ್ಚಿಯಲ್ಲಿ ನೆಟ್ಟಗೆ ಒರಗಿಸಿ, ಕಾಲು ಮುಂದೆ ಚಾಚಿಸಿ, ಹಣೆಗೆ ಒಂದೇ ಬೆರಳು ಒತ್ತಿ ಹಿಡಿದರೆ ಸಾಕು, ಎಂಥ ಪೈಲ್ವಾನನೂ ಏಳಲಾರ. ಮೈಯ ಗುರುತ್ವಕೇಂದ್ರ ಪಾದಗಳ ಮೇಲಕ್ಕೆ ಬಾರದೆ ಏಳುವುದು ಸಾಧ್ಯವಿಲ್ಲ. ಅಂಚೆಯವರು ಆ ಕೆಲಸದ ಅರ್ಧವನ್ನು ಸದ್ದಾಗುವ ಮೊದಲೇ ಮುಗಿಸಿಟ್ಟಿದ್ದರು. ಮ್ಯಾಗಜೀನನ್ನೂ ಎಡಗೈ ಹಿಡಿದೊಡನೆ ಸರಿಯಾದ ದಿಕ್ಕಿಗೆ ಬರುವಂತೆ ಇಟ್ಟರು.

ಅವರಿಗಿಂತ ಮೊದಲು ಒಬ್ಬ ತರುಣನ ಸರದಿ ಬಂತು. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಅಷ್ಟು ವೇಗದ ಕೈ. “ಸಿದ್ಧವೇ?” ಎಂದು ಕೇಳಿ, “ಸ್ಟ್ಯಾಂಡ್‌ಬೈ” ಎಂದ ಮೇಲೆ ಒಂದರಿಂದ ನಾಲ್ಕು ಸೆಕೆಂಡಿನೊಳಗೆ ಯಾವಾಗ ಬೇಕಾದರೂ ಗಡಿಯಾರ ಕೀಚೆನ್ನುತ್ತದೆ. ಕಾಲು ಚಾಚಿ ಕೂತಿದ್ದ ಹುಡುಗ ಒಮ್ಮೆ ಮುಂದೆ ಜಗ್ಗಿದ, ಏಳಲಾಗಲಿಲ್ಲ. ಕಾಲು ಎಳೆದುಕೊಂಡ, ಕುರ್ಚಿ ಹಿಂದಕ್ಕೆ ಮಗುಚಿತು. ಮ್ಯಾಗಜೀನು ಕೈಯಲ್ಲಿ ತಿರುವುಮುರುವಾಯಿತು. ಆಮೇಲೆ ಮಿಂಚಿನಂತೆ ಹೊಡೆದರೂ 15 ಸೆಕೆಂಡಿಗೆ 54 ಅಂಕ, ಅಂದರೆ 3.6. ನಮ್ಮ ಹಿರಿಯರು ಅವಸರವಿಲ್ಲದೆ ಎದ್ದು, ಏಳುತ್ತಲೇ ಪಿಸ್ತೂಲಿಗೆ ಮ್ಯಾಗಜೀನು ಸೇರಿಸಿ, 14 ಸೆಕೆಂಡಿಗೆ 56 ಅಂಕ ಪಡೆದರು. ಸರಿಯಾಗಿ 4.

ಎರಡನೆಯ ಸುತ್ತಿನಲ್ಲಿ ಪಿಸ್ತೂಲು ಸೊಂಟದ ಒರೆಯಲ್ಲಿ, ಬೆನ್ನು ಗುರಿಗಳ ಕಡೆಗೆ, ಕೈ ಭುಜಕ್ಕಿಂತ ಮೇಲೆ. ಸದ್ದಾದೊಡನೆ ತಿರುಗಿ ಹೊಡೆಯಬೇಕು. ಮೈ ಪೂರ್ತಿ ಗುರಿಯ ಕಡೆ ತಿರುಗುವವರೆಗೆ ಪಿಸ್ತೂಲು ಒರೆಯಿಂದ ಹೊರಬರಬಾರದು. ಬಂದರೆ ನಳಿಕೆಯ ಬಾಯಿ ಜನರ ಕಡೆ ತಿರುಗುತ್ತದಲ್ಲ! “ಮೊದಲು ಕತ್ತು, ಆಮೇಲೆ ಸೊಂಟ, ಆಮೇಲೆ ಪಿಸ್ತೂಲು” ಎಂದು ಹಿರಿಯರು ಮಂತ್ರದಂತೆ ಹೇಳಿಕೊಳ್ಳುತ್ತಿದ್ದರು. ಕಳೆದ ಸಮಯವನ್ನು ಇಲ್ಲಿ ಗಳಿಸಹೊರಟ ತರುಣ, ತಿರುಗುವ ಮುನ್ನವೇ ಪಿಸ್ತೂಲು ಎಳೆದುಬಿಟ್ಟ. “ಸ್ಟಾಪ್!” ಎಂಬ ಕೂಗು. ಅಷ್ಟೇ, ಅಂದಿನ ಇಡೀ ಸ್ಪರ್ಧೆಯಿಂದಲೇ ಅವನು ಹೊರಗೆ. ಯಾರೂ ವಾದಿಸಲಿಲ್ಲ, ಅವನೂ ವಾದಿಸಲಿಲ್ಲ. ಪಿಸ್ತೂಲು ಖಾಲಿಮಾಡಿ ತೋರಿಸಿ, ಅಧಿಕಾರಿಯ ಕೈಕುಲುಕಿ ನಡೆದ. ಕಿವಿಯವರೆಗೂ ಕೆಂಪೇರಿದ್ದ ಆ ಮುಖ ನೋಡಿ ನನ್ನ ಹೊಟ್ಟೆಯಲ್ಲಿ ಏನೋ ಕಲಕಿದಂತಾಯಿತು.

ಹಿಂತಿರುಗುವಾಗ ಹಿರಿಯರನ್ನು ಅವರ ಗುಟ್ಟು ಕೇಳಿದೆ. ಅಡುಗೆಮನೆಯ ಕುರ್ಚಿಯಲ್ಲಿ ವಾರಕ್ಕೆ ಮೂರು ದಿನ ಅಭ್ಯಾಸವಂತೆ. ಪಿಸ್ತೂಲು ಖಾಲಿ, ಗುಂಡುಗಳು ಬೇರೆ ಕೋಣೆಯಲ್ಲಿ. ಒಂದು ದಿನ ಕೂತು, ಒಂದು ದಿನ ಮಲಗಿ, ಒಂದು ದಿನ ಗೋಡೆಗೆ ಕೈ ಹಚ್ಚಿ. “ಈ ವಯಸ್ಸಿಗೆ ನನ್ನ ಕೈ ಇನ್ನು ವೇಗವಾಗುವುದಿಲ್ಲ. ಸದ್ದಾದ ಮೇಲೆ ಯೋಚಿಸುವುದನ್ನು ಕಡಿಮೆ ಮಾಡಿಕೊಳ್ಳಬಹುದು, ಅಷ್ಟೇ” ಎಂದರು.

ಇದು ನಮಗೆ ಹೊಸದಲ್ಲ. ಕ್ಲಾಸಿನಲ್ಲಿ ಅಳತೆಪಟ್ಟಿ ಬೀಳಿಸಿ ಹಿಡಿಸುತ್ತೇವಲ್ಲ, ಅದು ಸುಮಾರು 20 ಸೆಂಟಿಮೀಟರ್ ಜಾರಿದರೆ ಪ್ರತಿಕ್ರಿಯೆಯ ಕಾಲ 0.2 ಸೆಕೆಂಡು. ಎರಡು ಪಟ್ಟಿ ಹಿಡಿದು, ಯಾವುದನ್ನು ಬಿಡುತ್ತೇನೆಂದು ಹೇಳದೆ ಬಿಟ್ಟರೆ ಅದೇ ಹುಡುಗ ತಡವಾಗಿ ಹಿಡಿಯುತ್ತಾನೆ. ಆಯ್ಕೆ ಮಾಡಬೇಕಾಗಿ ಬಂದಾಗ ಮನಸ್ಸಿಗೆ ಹೆಚ್ಚು ಹೊತ್ತು ಬೇಕು ಎಂಬುದನ್ನು ಡಚ್ ವಿಜ್ಞಾನಿ ಡಾಂಡರ್ಸ್ 1868ರಷ್ಟು ಹಿಂದೆಯೇ ಅಳೆದು ತೋರಿಸಿದ್ದ. ಹಿರಿಯರು ಆಯ್ಕೆಗಳನ್ನು ಅಡುಗೆಮನೆಯಲ್ಲೇ ಮುಗಿಸಿ ಬರುತ್ತಿದ್ದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಕ್ಲಾಸಿನಲ್ಲಿದ್ದ ಹುಡುಗಿಯೊಬ್ಬಳು ನೆನಪಾಗಿದ್ದಳು. ಕೂಲಿಯವರ ಮಗಳು, ಹತ್ತನೆಯ ತರಗತಿ. ಹೇಳಿಕೊಟ್ಟದ್ದನ್ನು ಅಚ್ಚೊತ್ತಿದಂತೆ ಬರೆಯುತ್ತಿದ್ದಳು. ನಿಮ್ನ ದರ್ಪಣದ ಕಿರಣಚಿತ್ರವನ್ನು ನಾನು ಬರೆಸುತ್ತಿದ್ದದ್ದು ಒಂದೇ ಬಗೆಯಲ್ಲಿ, ದರ್ಪಣ ಬಲಗಡೆ, ವಸ್ತು ಎಡಗಡೆ. ಪಬ್ಲಿಕ್ ಪರೀಕ್ಷೆಯಲ್ಲಿ ದರ್ಪಣ ಎಡಗಡೆಗಿತ್ತು. ಅವಳು ಅಲ್ಲಿಯೇ ನಿಂತುಹೋದಳು. ಮುಂದಿನ ಪ್ರಶ್ನೆಗಳಿಗೆ ಸಮಯ ಸಾಲಲಿಲ್ಲ. ಹೊರಗೆ ಬಂದು, “ಗೊತ್ತಿತ್ತು ಸಾರ್. ಕನ್ನಡಿ ಆ ಕಡೆ ಇತ್ತು. ಎಲ್ಲಿಂದ ಶುರು ಮಾಡ್ಬೇಕು ಅಂತ ಹೊಳೀಲಿಲ್ಲ” ಎಂದು ಅತ್ತಳು. “ಯಾವ ಕಡೆ ಇದ್ದರೇನು? ನಿಯಮ ಬದಲಾಗುತ್ತದೆಯೇ?” ಎಂದು ಎಲ್ಲರ ಎದುರೇ ಗದರಿದೆ. ವಿಜ್ಞಾನದಲ್ಲಿ ನಾಲ್ಕು ಅಂಕಕ್ಕೆ ಫೇಲಾದಳು. ಮತ್ತೆ ಪರೀಕ್ಷೆಗೆ ಕಟ್ಟಲಿಲ್ಲ. ಆ ವರ್ಷವೇ ಮದುವೆಯಾಯಿತೆಂದು ಕೇಳಿದೆ.

ನಿಯಮ ಬದಲಾಗುವುದಿಲ್ಲ ನಿಜ. ಆದರೆ ಕೈ ಇಳಿಬಿಟ್ಟು ನಿಂತು ಮಾತ್ರ ಅಭ್ಯಾಸ ಮಾಡಿದವಳನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಆ ತರುಣನಿಗಾದರೂ ಮುಂದಿನ ಭಾನುವಾರವಿತ್ತು.

ಊರಿಗೆ ಬಂದ ಮೇಲೆ ಪಿಸ್ತೂಲಿನ ಮೇಲೆ ನನಗೇನೂ ಪ್ರೀತಿ ಹುಟ್ಟಿಲ್ಲ. ಪಾಠ ಮಾತ್ರ ಬದಲಾಗಿದೆ. ಬೋರ್ಡಿನ ಮೇಲೆ ದರ್ಪಣ ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ವಿದ್ಯುತ್ ಮಂಡಲವನ್ನು ತಲೆಕೆಳಗಾಗಿ ಬರೆಯುತ್ತೇನೆ. ಉತ್ತರ ಕೊಟ್ಟು ಪ್ರಶ್ನೆ ಕೇಳುತ್ತೇನೆ. ಲೇಖನಿ ಎತ್ತುವ ಮೊದಲು, “ಇಲ್ಲಿ ಏನನ್ನು ಕಟ್ಟಿಹಾಕಿದ್ದಾರೆ, ಏನನ್ನು ನಮಗೆ ಬಿಟ್ಟಿದ್ದಾರೆ, ಹೇಳಿ” ಎನ್ನುತ್ತೇನೆ. ಮಕ್ಕಳು ಮೊದಮೊದಲು ಗೊಣಗಿದರು, ಈಗ ಅವರೇ ತಿರುಗಿಸಿ ತಂದು ನನ್ನನ್ನು ಪರೀಕ್ಷಿಸುತ್ತಾರೆ.

ಆ ಹುಡುಗಿಗೆ ಈಗ ನಲವತ್ತು ದಾಟಿರಬೇಕು. ಸಂತೆಯಲ್ಲೋ ಬಸ್ಸಿನಲ್ಲೋ ಎಂದಾದರೂ ಸಿಕ್ಕರೆ ಒಂದು ಮಾತು ಹೇಳಬೇಕೆಂದಿದ್ದೇನೆ. ಕಾಲು ಹಿಂದಕ್ಕೆಳೆದು ಕೂರುವುದನ್ನು ನಾನೇ ನಿನಗೆ ಹೇಳಿಕೊಟ್ಟಿರಲಿಲ್ಲ ಕಣಮ್ಮಾ.